ಅರಳು ಮರಳು: ವಿಧಿಯೋ, ವ್ಯಾಧಿಯೋ?

'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಹಿರಿಯರ ಮಾತನ್ನು ತೆಗೆದುಹಾಕುವಷ್ಟು ದೊಡ್ಡವನು ನಾನಲ್ಲ. ಆದರೂ ಒಂದು ಗಾದೆಯೊಡನೆ ಮಾತ್ರ ನನಗೆ ಜಗಳವುಂಟು. ಅದು 'ಅರವತ್ತಕ್ಕೆ ಅರಳು ಮರಳು' ಎಂಬುದು. ರೋಣದ ಸಂತೆಯಲ್ಲಿ ಚಿಲ್ಲರೆ ಎಣಿಸಲಾರದೆ ತಡವರಿಸುವ ಮುದುಕಿಯನ್ನು ಕಂಡು, ನರಗುಂದದ ಬಸ್ ನಿಲ್ದಾಣದಲ್ಲಿ ತನ್ನ ಊರಿನ ಹೆಸರನ್ನೇ ಮರೆತು ನಿಂತ ಮುದುಕನನ್ನು ಕಂಡು, ಗಜೇಂದ್ರಗಡದಲ್ಲಿ ಜೀವಮಾನವೆಲ್ಲ ಮಗ್ಗದ ಮುಂದೆ ಕಳೆದು ಇಂದು ಕಡಿದ ಎಳೆಯನ್ನು ಜೋಡಿಸಲು ಬಾರದೆ ಕುಳಿತ ನೇಕಾರನನ್ನು ಕಂಡು ನಾವು ಈ ಗಾದೆಯನ್ನು ಹೇಳುತ್ತೇವೆ, ನಗುತ್ತೇವೆ, ಮುಂದೆ ಸಾಗುತ್ತೇವೆ. ವರಕವಿ ಬೇಂದ್ರೆಯವರು ತಮ್ಮ ಕವನ ಸಂಕಲನವೊಂದಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟರು. ಅದಕ್ಕೆ ೧೯೫೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಕವಿಗೆ ಮುಪ್ಪು ಮರಳಿ ಅರಳುವ ಕಾಲವಾಗಬಹುದು. ಎಲ್ಲರ ಮನೆಯ ಮುದುಕರಿಗೂ ಆ ಭಾಗ್ಯವೆಲ್ಲಿಯದು? ಅವರಲ್ಲಿ ಕೆಲವರಿಗೆ ಬಂದಿರುವುದು ಒಂದು ರೋಗ. ರೋಗವೆಂದು ತಿಳಿಯದೆ ನಾವು ಅದನ್ನು ವಯಸ್ಸಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತೇವೆ. ಇದೇ ಈ ಲೇಖನದ ಒಟ್ಟು ಮಾತು.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ಅಂತಿಮ ಬಿ.ಎ. ತರಗತಿಯವನು. 'ನಿನಗ್ಯಾಕೋ ಈ ಮೆದುಳಿನ ಉಸಾಬರಿ?' ಎಂದು ಗೆಳೆಯರು ಕೇಳಿದ್ದುಂಟು. ಉತ್ತರ ಹೇಳಬೇಕಾದರೆ ಮನೆಯ ಮಾತನ್ನು ಹೊರಗೆ ತರಬೇಕಾಗುವುದು. ವಾಚಕರು ಕ್ಷಮಿಸಬೇಕು.

ನನ್ನ ಅಜ್ಜ ನರಗುಂದ ತಾಲೂಕಿನ ಒಬ್ಬ ಸಾಮಾನ್ಯ ರೈತ. ಸಾಲೆಯ ಕಟ್ಟೆ ಹತ್ತಿದವನಲ್ಲ; ಸಹಿಯ ಬದಲು ಹೆಬ್ಬೆಟ್ಟು ಒತ್ತುವವನು. ನಮ್ಮ ಮನೆತನದಲ್ಲಿ ಕಾಲೇಜಿನ ಮುಖ ನೋಡಿದವನು ನಾನೊಬ್ಬನೇ. ನನ್ನ ಓದು ನಿಲ್ಲದಂತೆ ನೋಡಿಕೊಂಡವನು ಅಜ್ಜ. ರಾತ್ರಿ ಊಟವಾದ ಮೇಲೆ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, 'ಓದಪಾ ತಮ್ಮಾ' ಎಂದು ನನ್ನ ಕೈಯಲ್ಲಿ ವರ್ತಮಾನ ಪತ್ರಿಕೆ ಕೊಡುವನು. ನಾನು ಗಟ್ಟಿಯಾಗಿ ಓದಬೇಕು, ಅವನು ಕೇಳಬೇಕು. ಮರುದಿನ ಕಟ್ಟೆಯ ಮೇಲೆ ಕುಳಿತು ಗೋವಿನಜೋಳದ ಧಾರಣೆಯಿಂದ ದಿಲ್ಲಿಯ ಸುದ್ದಿಯವರೆಗೆ ಒಂದಕ್ಷರ ತಪ್ಪದಂತೆ ನಾಲ್ಕು ಜನರಿಗೆ ಹೇಳುವನು. ಅಂಥ ನೆನಪಿನವನು ಒಂದು ದಿನ ಒಂದೇ ಸುದ್ದಿಯನ್ನು ಮೂರು ಸಲ ಓದಿಸಿದ. 'ಅಜ್ಜಾ, ಇದನ್ನ ಈಗ ಓದಿದ್ನೆಲ್ಲೋ' ಎಂದು ನಾನು ನಕ್ಕೆ. ಅವನೂ ನಕ್ಕ. ಅದೇ ಮೊದಲು.

ಬರಬರುತ್ತ, ಎಂದೋ ಮಾರಿದ ಎತ್ತುಗಳಿಗೆ ಮೇವು ಹಾಕಿದಿರೇನೆಂದು ಕೇಳತೊಡಗಿದ. ಉಂಡ ಮೇಲೆ ರೊಟ್ಟಿ ಕೊಡಲಿಲ್ಲವೆಂದು ಸಿಟ್ಟಾಗುತ್ತಿದ್ದ. ತನ್ನ ಚಂಚಿಯೊಳಗಿನ ಹಣವನ್ನು ಎಲ್ಲಿಯೋ ಇಟ್ಟು ಮರೆತು, ನನ್ನ ಅವ್ವನೇ ಕದ್ದಳೆಂದು ಓಣಿಯ ಜನ ಕೇಳುವಂತೆ ಒದರಿದ. ಇಪ್ಪತ್ತೈದು ವರ್ಷ ಅವನಿಗೆ ರೊಟ್ಟಿ ಬಡಿದು ಹಾಕಿದ ಸೊಸೆ ಆ ದಿನ ಒಲೆಯ ಮುಂದೆ ಕುಳಿತು ಅತ್ತಳು. ಇಷ್ಟೆಲ್ಲ ಮರೆತವನು ೧೯೮೦ರ ಜುಲೈ ೨೧ನ್ನು ಮಾತ್ರ ಮರೆತಿರಲಿಲ್ಲ. ಮಲಪ್ರಭಾ ನೀರಾವರಿಯ ಕರದ ವಿರುದ್ಧ ನರಗುಂದ, ನವಲಗುಂದಗಳ ರೈತರು ಎದ್ದುನಿಂತ ಆ ದಿನ ಯಾರು ಎಲ್ಲಿ ನಿಂತಿದ್ದರು, ಗುಂಡಿನ ಸಪ್ಪಳ ಕೇಳಿ ಜನ ಯಾವ ಕಡೆ ಓಡಿದರು ಎಂಬುದನ್ನು ನಿನ್ನೆ ಕಂಡಂತೆ ಹೇಳುವನು. 'ಬೇಕಾದ್ದು ನೆನಪೈತಿ, ಬ್ಯಾಡಾದ್ದು ಮರೀತಾನ. ಮುದುಕ ಸೋಗು ಹಾಕ್ಯಾನ' ಎಂದು ಜನ ಆಡಿಕೊಂಡರು. ನಾವೂ ಒಮ್ಮೊಮ್ಮೆ ಹಾಗೆಯೇ ತಿಳಿದೆವು. ಹರಕೆ ಹೊತ್ತೆವು, ತಾಯಿತ ಕಟ್ಟಿಸಿದೆವು. ತೋರಿಸಿದ ಒಬ್ಬ ಡಾಕ್ಟರರು 'ವಯಸ್ಸಾಯಿತು' ಎಂದು ಶಕ್ತಿಯ ಗುಳಿಗೆ ಬರೆದುಕೊಟ್ಟರು.

ಮುಂದೆ ನಡುರಾತ್ರಿ ಎದ್ದು ಹೊಲಕ್ಕೆ ಹೊರಡತೊಡಗಿದ. ಎರಡು ಸಲ ಕಾಲುವೆಯ ದಂಡೆಯಿಂದ ಕರೆತಂದ ಮೇಲೆ ನಾವು ಹೊರಗಿನಿಂದ ಬಾಗಿಲಿಗೆ ಕೀಲಿ ಹಾಕತೊಡಗಿದೆವು. ಒಂದು ರಾತ್ರಿ ಆ ಬಾಗಿಲನ್ನು ಜಗ್ಗಿ ಜಗ್ಗಿ, ಕತ್ತಲಲ್ಲಿ ಹೊಸ್ತಿಲೆಡವಿ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ಅಂದು ಕೀಲಿ ಹಾಕಿದವನು ನಾನು. ಎಲುಬಿಗಾಗಿ ಧಾರವಾಡಕ್ಕೆ ಹೋದಾಗ ಅಲ್ಲಿಯ ವೈದ್ಯರೊಬ್ಬರು ಅರ್ಧ ತಾಸು ಕುಳಿತು ಅಜ್ಜನೊಡನೆ ಮಾತನಾಡಿ, ಇದು ಮೆದುಳಿನ ರೋಗವೆಂದು ಮೊಟ್ಟಮೊದಲು ಹೇಳಿದರು. ನಾಲ್ಕು ವರ್ಷ ನಾವು ಒಬ್ಬ ರೋಗಿಯನ್ನು ಗದರಿಸಿದ್ದೆವು. ಅಂದಿನಿಂದ ಈ ವಿಷಯದ ಮೇಲೆ ಸಿಕ್ಕ ಸಿಕ್ಕದ್ದನ್ನೆಲ್ಲ ಓದುತ್ತ ಬಂದಿರುವೆನು. ಓದಿದ್ದರಲ್ಲಿ ತಿಳಿದಷ್ಟನ್ನು ನಮ್ಮ ಕಡೆಯ ಮಾತಿನಲ್ಲಿ ಹೇಳಲು ಯತ್ನಿಸುವೆನು.

ಮನುಷ್ಯನ ಮೆದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿರುವುವೆಂದು ಲೆಕ್ಕ ಹಾಕಿರುವರು. ಅವು ಒಂದನ್ನೊಂದು ಮುಟ್ಟಿಕೊಂಡು ಕುಳಿತಿಲ್ಲ. ಹೆಚ್ಚಿನವುಗಳ ನಡುವೆ ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಸಂದಿಯಿದೆ. ಆ ಸಂದಿಯನ್ನು ದಾಟಿ ಸುದ್ದಿ ಹೇಗೆ ಹೋಗುವುದು? ೧೯೨೧ರಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುನೀರಿನಲ್ಲಿಟ್ಟು, ಮೊದಲನೆಯದರ ನರವನ್ನು ಕೆರಳಿಸಿ ಅದರ ಬಡಿತವನ್ನು ತಗ್ಗಿಸಿದನು. ಆ ಹೃದಯ ತೊಯ್ದಿದ್ದ ನೀರನ್ನು ಎರಡನೆಯದಕ್ಕೆ ಹಾಕಿದಾಗ ಅದರ ಬಡಿತವೂ ತಗ್ಗಿತು. ಅಂದರೆ ನರವು ತನ್ನ ಸುದ್ದಿಯನ್ನು ಒಂದು ದ್ರವ್ಯದ ಕೈಯಲ್ಲಿ ಕೊಟ್ಟು ಕಳಿಸುವುದೆಂದು ಸಿದ್ಧವಾಯಿತು. ೧೯೩೬ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವನ್ನು ಕೊಟ್ಟರು. ಇಂಥ ದ್ರವ್ಯಗಳಿಗೆ ಸಂದೇಶವಾಹಕಗಳೆಂದು ಹೆಸರು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಚಾವಡಿಯ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುತ್ತಿದ್ದವನು ವಾಲೀಕಾರ. ಅವನು ಮನೆಯೊಳಗೆ ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೂಗಿ ಹೋಗುತ್ತಿದ್ದ. ಆ ಕೂಗು ಕೇಳಿದ ಹುಡುಗನೊಬ್ಬ ಒಳಗೋಡಿ ಅಡಿಗೆಮನೆಯಲ್ಲಿ ಅವ್ವನಿಗೆ, ಕೊಟ್ಟಿಗೆಯಲ್ಲಿ ಅಪ್ಪನಿಗೆ, ಹಿತ್ತಲಲ್ಲಿ ಅಕ್ಕನಿಗೆ ಹೇಳಿದರೇನೇ ಮನೆಯಲ್ಲಿ ಕೆಲಸವಾಗುವುದು. ಜೀವಕೋಶದ ವ್ಯವಹಾರವೂ ಹೀಗೆಯೇ ಇದೆ. ಹೊರಗಿನ ವಾಹಕವು ಕೋಶದ ಬಾಗಿಲಿನವರೆಗೆ ಮಾತ್ರ ಬರುವುದು. ಅಲ್ಲಿಂದ ಒಳಗೆ ಸುದ್ದಿ ಒಯ್ಯಲು ಎರಡನೆಯ ಸಂದೇಶವಾಹಕ ಬೇಕು. ಸೈಕ್ಲಿಕ್ ಎ.ಎಂ.ಪಿ. ಎಂಬ ಅಂಥದೊಂದು ದ್ರವ್ಯವನ್ನು ಕಂಡುಹಿಡಿದ ಅರ್ಲ್ ಸದರ್ಲ್ಯಾಂಡನಿಗೆ ೧೯೭೧ರಲ್ಲಿ ನೊಬೆಲ್ ದೊರೆಯಿತು. ಎರಿಕ್ ಕ್ಯಾಂಡೆಲ್ ಎಂಬುವನು ಕಡಲ ಬಸವನಹುಳವೊಂದಕ್ಕೆ ಮೇಲಿಂದ ಮೇಲೆ ಪಾಠ ಕಲಿಸಿ, ಈ ಒಳವಾಹಕವೇ ಕೋಶದ ನಡುಮನೆಗೆ ಸುದ್ದಿ ಮುಟ್ಟಿಸಿ ಹೊಸ ಸಂಬಂಧಗಳನ್ನು ಕಟ್ಟಿಸುವುದೆಂದೂ, ಬಹುಕಾಲ ಉಳಿಯುವ ನೆನಪು ಹೀಗೆ ಕಟ್ಟಲ್ಪಡುವುದೆಂದೂ ತೋರಿಸಿದನು. ೨೦೦೦ದ ನೊಬೆಲ್ ಪಡೆದ ಮೂವರಲ್ಲಿ ಅವನೊಬ್ಬ.

ಇನ್ನೊಂದು ಒಳವಾಹಕವೆಂದರೆ ಸುಣ್ಣದ ಅಂಶವಾದ ಕ್ಯಾಲ್ಸಿಯಂ. ಕೋಶದ ಹೊರಗೆ ಅದು ಧಾರಾಳವಾಗಿರುವುದು. ಒಳಗೆ ಅದರ ಹತ್ತು ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟು ಮಾತ್ರ. ಬಾಗಿಲು ಒಂದು ಕ್ಷಣ ತೆರೆದು ಸ್ವಲ್ಪ ಒಳಬಂದರೆ ಕೆಲಸ ನಡೆಯುವುದು. ನರಗುಂದದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಯ ತೂಬನ್ನು ಹೊತ್ತರಿತು ತೆರೆದರೆ ಬೆಳೆ. ತೂಬು ಕೆಟ್ಟು ನೀರು ನಿಂತರೆ ಎರೆಹೊಲ ಸವಳು. ಮೆದುಳು ಸವೆಯುವ ರೋಗಗಳಲ್ಲಿ ಈ ತೂಬುಗಳು ಕೆಡುವುವೆಂದೂ, ಕ್ಯಾಲ್ಸಿಯಂ ಮಿತಿಮೀರಿ ನಿಂತು ಕೋಶವು ಒಳಗಿಂದೊಳಗೆ ನಾಶವಾಗುವುದೆಂದೂ ವಿಜ್ಞಾನಿಗಳಲ್ಲಿ ಹಲವರು ನಂಬಿರುವರು.

೧೯೦೧ರಲ್ಲಿ ಜರ್ಮನಿಯ ಆಸ್ಪತ್ರೆಯೊಂದಕ್ಕೆ ನೆನಪು ಕಳೆದುಕೊಂಡ ಒಬ್ಬ ಹೆಂಗಸು ಬಂದಳು. ಅವಳು ತೀರಿಕೊಂಡ ಮೇಲೆ ೧೯೦೬ರಲ್ಲಿ ಆಲ್ಝೈಮರ್ ಎಂಬ ವೈದ್ಯನು ಅವಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ, ಕೋಶಗಳ ನಡುವೆ ಅಂಟಿನಂಥ ಗಂಟುಗಳೂ ಕೋಶಗಳೊಳಗೆ ಸಿಕ್ಕುಬಿದ್ದ ಎಳೆಗಳೂ ಕಂಡವು. ಈಗ ಆ ರೋಗಕ್ಕೆ ಅವನದೇ ಹೆಸರಿದೆ. ಈ ಗಂಟು ಸಿಕ್ಕುಗಳು ಹೆಚ್ಚಿದಂತೆ ವಾಹಕಗಳ ದಾರಿ ಕಟ್ಟುವುದು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ವಾಹಕವನ್ನು ಹುಟ್ಟಿಸುವ ಕೋಶಗಳೇ ಸಾಯುವುವು. ಹೊಸ ನೆನಪನ್ನು ಕಟ್ಟುವ ಭಾಗಕ್ಕೆ ಪೆಟ್ಟು ಮೊದಲು ಬೀಳುವುದು. ಹಿಂದೆಯೇ ಗಟ್ಟಿಯಾದ ನೆನಪು ಬಹುದಿನ ಉಳಿಯುವುದು. ಮುಂಜಾನೆಯ ರೊಟ್ಟಿ ಮರೆತ ಅಜ್ಜನಿಗೆ ೧೯೮೦ರ ಬಂಡಾಯ ಏಕೆ ನೆನಪಿತ್ತೆಂಬುದು ಇದರಿಂದ ನನಗೆ ತಿಳಿಯಿತು. ಅವನು ಸೋಗು ಹಾಕಿರಲಿಲ್ಲ.

ಈಗ ಗಾದೆಗೆ ಬರೋಣ. ಆಸ್ಪತ್ರೆಗೆ ಬಂದಾಗ ಆಲ್ಝೈಮರನ ರೋಗಿಯ ವಯಸ್ಸು ೫೧. ಅವಳಿಗಿನ್ನೂ ಅರವತ್ತಾಗಿರಲಿಲ್ಲ! ಇತ್ತ ನಮ್ಮ ದೇಶದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ಅರವತ್ತು ಮುಟ್ಟಿದ ಮತ್ತು ದಾಟಿದ ಜನರಲ್ಲಿ ಮರೆವಿನ ರೋಗವುಳ್ಳವರು ನೂರಕ್ಕೆ ೭.೪ರಷ್ಟು. ಗಾದೆ ನಿಜವಾಗಿದ್ದರೆ ನೂರಕ್ಕೆ ನೂರು ಜನರಿಗೂ ಬರಬೇಕಾಗಿತ್ತಲ್ಲವೇ? ಮುಪ್ಪಿನಲ್ಲಿ ಹೆಸರು ತಟ್ಟನೆ ನೆನಪಾಗದಿರುವುದು ಬೇರೆ. ಹೆಸರಿನ ಮನುಷ್ಯನೇ ಮರೆತುಹೋಗುವುದು ಬೇರೆ. ಆದರೆ ಈ ೭.೪ನ್ನು ಸಣ್ಣ ಸಂಖ್ಯೆಯೆಂದೂ ತಿಳಿಯಬಾರದು. ಅದೇ ಲೆಕ್ಕದಂತೆ ದೇಶದಲ್ಲಿ ಇಂಥವರು ಸುಮಾರು ೮೮ ಲಕ್ಷ. ಇದು ಪಟ್ಟಣದ ಶ್ರೀಮಂತರ ರೋಗವೆಂಬ ಮಾತೂ ಉಳಿಯುವುದಿಲ್ಲ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ಓದಿದವರಿಗಿಂತ ಓದದವರಲ್ಲಿ ಇದು ಹೆಚ್ಚು ಕಂಡಿದೆ. ಯಾರಿಗೆ ಡಾಕ್ಟರು ದೂರವೋ ಅವರಿಗೇ ರೋಗ ಹತ್ತಿರವಾಗಿದೆ.

'ಸರಿಯಪ್ಪಾ, ರೋಗವೆಂದು ತಿಳಿದು ಮಾಡುವುದೇನು? ಔಷಧವಿದೆಯೇ?' ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ನಮ್ಮ ಬೇಲಿಯಲ್ಲಿಯೇ ಅರ್ಧ ಉತ್ತರವಿದೆ. ನಸಗುನ್ನಿಯನ್ನು ಬಲ್ಲಿರಷ್ಟೆ? ಅದರ ಕಾಯಿಯ ಸುಂಕನ್ನು ಗೆಳೆಯನ ಅಂಗಿಯೊಳಗೆ ಉದುರಿಸಿ ಅವನು ತುರಿಸಿಕೊಳ್ಳುವುದನ್ನು ನೋಡಿ ನಗದ ಹುಡುಗರುಂಟೇ? ಆ ಬಳ್ಳಿಯ ಬೀಜದಲ್ಲಿ ಲಿವೋಡೋಪಾ ಎಂಬ ದ್ರವ್ಯವಿರುವುದನ್ನು ೧೯೩೭ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ಬೇರ್ಪಡಿಸಿ ತೋರಿಸಿದರು. ಅದರ ಬೆಲೆ ಜಗತ್ತಿಗೆ ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು. ೧೯೫೭ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್, ನಮ್ಮ ದೇಶದ ಸರ್ಪಗಂಧಿಯಿಂದ ತೆಗೆದ ರೆಸರ್ಪಿನ್ ಮದ್ದನ್ನು ಮೊಲಗಳಿಗೆ ಕೊಟ್ಟನು. ಅವು ಕಿವಿ ಇಳಿಬಿಟ್ಟು ಕಲ್ಲಿನಂತೆ ಕುಳಿತವು. ಡೋಪಾ ಕೊಟ್ಟೊಡನೆ ಮತ್ತೆ ಎದ್ದು ಕುಪ್ಪಳಿಸಿದವು. ಮುಂದೆ, ಕಂಪವಾತದ ರೋಗಿಗಳ ಮೆದುಳಿನಲ್ಲಿ ಡೋಪಮಿನ್ ಎಂಬ ಸಂದೇಶವಾಹಕವು ಬತ್ತಿಹೋಗಿರುವುದು ೧೯೬೦ರಲ್ಲಿ ಬೆಳಕಿಗೆ ಬಂದಿತು. ಮೆದುಳು ಲಿವೋಡೋಪಾವನ್ನೇ ಡೋಪಮಿನ್ನಾಗಿ ಮಾರ್ಪಡಿಸಿಕೊಳ್ಳುವುದು. ೧೯೬೭ರಿಂದೀಚೆಗೆ ಅದು ಗುಳಿಗೆಯಾಗಿ ಲಕ್ಷಾಂತರ ಜನರ ಕೈನಡುಕ, ಕಾಲಿನ ಬಿಗಿತಗಳನ್ನು ಇಳಿಸಿದೆ. ವೈದ್ಯರನ್ನು ಕೇಳದೆ ನಸಗುನ್ನಿಯ ಬೀಜವನ್ನು ಮನೆಯಲ್ಲಿ ಕುಟ್ಟಿ ತಿನ್ನುವುದು ಮಾತ್ರ ಅಪಾಯ. ಕೈನಡುಕವನ್ನು 'ಹಿಂದಿನ ಜನ್ಮದ ಪಾಪ'ವೆನ್ನುತ್ತಿದ್ದ ಜನರು ಒಂದು ವಾಹಕದ ಕೊರತೆಯೆಂದು ತಿಳಿದಾಗಲೇ ಔಷಧದ ದಾರಿ ಕಂಡಿತು ಎಂಬುದನ್ನು ಇಲ್ಲಿ ಗಮನಿಸಬೇಕು.

ಮರೆವಿನ ರೋಗಕ್ಕೆ ಅಷ್ಟು ಒಳ್ಳೆಯ ಔಷಧ ಇನ್ನೂ ದೊರೆತಿಲ್ಲ. ಡೊನೆಪೆಜಿಲ್ ಎಂಬ ಗುಳಿಗೆಯು ಉಳಿದಿರುವ ಅಸಿಟೈಲ್‌ಕೋಲಿನ್ ಬೇಗ ಕರಗದಂತೆ ತಡೆಯುವುದು. ಬಾಗಿಲಿಗೆ ಬಂದ ವಾಲೀಕಾರನನ್ನು ಇನ್ನೆರಡು ಗಳಿಗೆ ನಿಲ್ಲಿಸಿದ ಹಾಗೆ. ಕೆಲವರಿಗೆ ಕೆಲವು ಕಾಲ ಗುಣ ಕಾಣುವುದು, ರೋಗ ನಿಲ್ಲುವುದಿಲ್ಲ. ೨೦೨೩ರಲ್ಲಿ ಅಮೇರಿಕದಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಅಂಟುಗಂಟುಗಳನ್ನು ಕರಗಿಸಿ ರೋಗದ ನಡಿಗೆಯನ್ನು ತುಸು ನಿಧಾನಗೊಳಿಸುವುದು. ಅದರ ಬೆಲೆಯನ್ನು ಕೇಳಿದರೆ ನಮ್ಮ ಕಡೆ ಹೊಲ ಮಾರಿದರೂ ಸಾಲದು.

ಹಾಗೆಂದು ಕೈಕಟ್ಟಿ ಕೂಡ್ರಬೇಕೇ? ಖಂಡಿತ ಕೂಡದು. ಮರೆವಿನಿಂದ ಬಂದವರೆಲ್ಲರಿಗೂ ಈ ರೋಗವೇ ಇರಬೇಕೆಂದಿಲ್ಲ. ಬಿ-೧೨ ಜೀವಸತ್ವದ ಕೊರತೆಯಿಂದಲೂ, ಥೈರಾಯ್ಡ್ ಗ್ರಂಥಿಯ ದೋಷದಿಂದಲೂ, ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರಬಹುದು; ಅವುಗಳಿಗೆ ಮದ್ದುಂಟು. ಒಂದು ರಕ್ತಪರೀಕ್ಷೆ ಮಾಡಿಸದೆ 'ಅರಳು ಮರಳು' ಎಂದು ಮೂಲೆಗೆ ಕೂಡ್ರಿಸಿದ ಎಷ್ಟು ಮುದುಕರು ವಾಸಿಯಾಗಬಹುದಾಗಿತ್ತೋ ಯಾರು ಬಲ್ಲರು? ಮೇಲಾಗಿ, ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯು ನೇಮಿಸಿದ ಪಂಡಿತ ಮಂಡಳಿ ೨೦೨೪ರಲ್ಲಿ ಈ ರೋಗಕ್ಕೆ ದಾರಿಮಾಡುವ, ಆದರೆ ನಾವು ತಿದ್ದಬಹುದಾದ, ಹದಿನಾಲ್ಕು ಕಾರಣಗಳನ್ನು ಎಣಿಸಿತು. ಅವೆಲ್ಲವನ್ನೂ ತಿದ್ದಿದರೆ ಜಗತ್ತಿನ ಮರೆವಿನ ರೋಗದಲ್ಲಿ ನೂರಕ್ಕೆ ೪೫ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅದರ ಅಂದಾಜು. ರಕ್ತದ ಒತ್ತಡ, ಸಕ್ಕರೆ ರೋಗ, ಕಿವುಡುತನ, ಕಣ್ಣಿನ ಮಂದತೆ, ತಂಬಾಕಿನ ಹೊಗೆ, ಮಿತಿಮೀರಿದ ಕುಡಿತ, ತಲೆಗೆ ಬಿದ್ದ ಪೆಟ್ಟು, ಒಂಟಿತನ, ಎಳೆತನದಲ್ಲಿ ಶಾಲೆ ತಪ್ಪಿದ್ದು ಇವೆಲ್ಲ ಆ ಪಟ್ಟಿಯಲ್ಲಿವೆ. ಕೊನೆಯದನ್ನು ಓದಿದಾಗ ನಾನು ಪುಸ್ತಕ ಮುಚ್ಚಿದೆ. ಹೆಬ್ಬೆಟ್ಟಿನ ಅಜ್ಜ ನನ್ನನ್ನು ಓದಿಸಿ, ತನಗೆ ಸಿಗದ ಒಂದು ರಕ್ಷೆಯನ್ನು ನನಗೆ ಕಟ್ಟಿದ್ದನು.

ಸರಕಾರವೇನೂ ಸುಮ್ಮನೆ ಕುಳಿತಿಲ್ಲ. ನಿಮ್ಹಾನ್ಸ್ ಸಂಸ್ಥೆಯ ಜೊತೆಗೂಡಿ ೨೦೨೨ರಲ್ಲಿ ಕರ್ನಾಟಕದಲ್ಲಿ ಮೆದುಳಿನ ಆರೋಗ್ಯದ ಯೋಜನೆಯೊಂದನ್ನು ಆರಂಭಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ೪೫ ವರ್ಷ ಮೀರಿದ ಸಾವಿರಾರು ಜನರನ್ನು ಮೇಲಿಂದ ಮೇಲೆ ಪರೀಕ್ಷಿಸಿ ಈ ರೋಗದ ಜಾಡು ಹಿಡಿಯುತ್ತಿರುವರು. ಕೋಲಾರದ ಹಳ್ಳಿಗರಿಗೆ ದೊರೆತದ್ದು ಮಲಪ್ರಭೆಯ ಹಳ್ಳಿಗರಿಗೂ ದೊರೆಯಲಿ ಎಂದು ಕೇಳುವುದು ಅತ್ಯಾಶೆಯೇ? ನಮಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಗದಗಿನಲ್ಲಿ ವೈದ್ಯಕೀಯ ಕಾಲೇಜಿದೆ. ಆದರೆ ಎದ್ದು ನಡೆಯಲಾರದ ಮುದುಕನನ್ನು ಒಂದು ದಿನದ ಕೂಲಿ ಬಿಟ್ಟು ಅಲ್ಲಿಗೆ ಒಯ್ಯುವುದು ಎಷ್ಟು ಮನೆಗಳಿಗೆ ಸಾಧ್ಯ? ಆದುದರಿಂದ ರೋಣ, ನರಗುಂದ, ಗಜೇಂದ್ರಗಡಗಳ ಸರಕಾರಿ ದವಾಖಾನೆಗಳಲ್ಲಿ ತಿಂಗಳಿಗೊಂದು ದಿನವಾದರೂ ಮರೆವಿನವರನ್ನು ನೋಡಲು ತಜ್ಞರು ಬರಬೇಕು. ಆ ದಿನ ಸಂತೆಯ ದಿನವೇ ಆದರೆ ಇನ್ನೂ ಒಳ್ಳೆಯದು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಈ ರೋಗದ ಮೊದಲ ಲಕ್ಷಣಗಳನ್ನು ಕಲಿಸಬೇಕು. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಒಂದು ಮಧ್ಯಾಹ್ನ ಹಳ್ಳಿಯ ವೃದ್ಧರ ರಕ್ತದೊತ್ತಡ ಅಳೆಯಿಸಲು, ಕಿವಿ ಕಣ್ಣು ಪರೀಕ್ಷಿಸಲು ವ್ಯವಸ್ಥೆ ಮಾಡಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ.

ಉಳಿದದ್ದು ಮನೆಯವರ ಪಾಲಿನ ಕೆಲಸ. ಧಾರವಾಡದ ವೈದ್ಯರು ನನಗೆ ಹೇಳಿದ್ದು ಇಷ್ಟೇ: 'ವಾದಿಸಬೇಡಿ. ಗದರಿಸಬೇಡಿ. ರಾತ್ರಿ ಒಂದು ದೀಪ ಉರಿಯಲಿ. ಅವರೊಡನೆ ಮಾತು ಮಾತ್ರ ನಿಲ್ಲಿಸಬೇಡಿ.' ತನ್ನ ನೆರೆಯವರಿಂದ ಬರುವ ಪೋಷಕ ದ್ರವ್ಯವು ನಿಂತರೆ ಕೆಲವು ಜಾತಿಯ ನರಕೋಶಗಳು ಸೊರಗಿ ಸಾಯುವುವೆಂದು ನಾನು ಆಮೇಲೆ ಓದಿದೆ. ಆ ದ್ರವ್ಯವನ್ನು ಕಂಡುಹಿಡಿದ ರೀಟಾ ಲೆವಿ ಮೊಂತಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ ೧೯೮೬ರಲ್ಲಿ ನೊಬೆಲ್ ದೊರೆತಿದೆ. ಮನುಷ್ಯನ ಪಾಡೂ ಬೇರೆಯಲ್ಲವೆಂದು ನನಗೆ ತೋರುವುದು. ಅಜ್ಜ ಹಾಸಿಗೆ ಹಿಡಿದ ಏಳು ತಿಂಗಳು ದಿನಾ ರಾತ್ರಿ ನಾನು ಅವನ ಬದಿಗೆ ಕುಳಿತು ಪತ್ರಿಕೆ ಓದಿದೆ. ಒಂದು ರಾತ್ರಿ ಓದು ಮುಗಿಸಿದಾಗ ನನ್ನ ಮುಖವನ್ನೇ ನೋಡಿ, 'ಛಲೋ ಓದ್ತೀಯಪಾ. ಯಾರ ಮಗಾ ನೀ?' ಎಂದ. ಹೇಳಿದೆ. 'ಹೌದಾ? ಅವನ ಮಗಾ ಸಾಲಿ ಕಲ್ತಾನ?' ಎಂದು ಸಂತೋಷಪಟ್ಟ. ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿಯೂ ಒಬ್ಬ ಅಜ್ಜನೋ ಅಮ್ಮನೋ ಒಂದೇ ಮಾತನ್ನು ಮೂರು ಸಲ ಕೇಳತೊಡಗಿದ್ದರೆ ನಕ್ಕು ಬಿಡಬೇಡಿರಿ. ನಾಲ್ಕನೆಯ ಸಲವೂ ಉತ್ತರ ಹೇಳಿರಿ; ಮರುದಿನವೇ ದವಾಖಾನೆಗೆ ಕರೆದೊಯ್ಯಿರಿ. ನಾವು ನಾಲ್ಕು ವರ್ಷ ತಡಮಾಡಿದೆವು. ನೀವು ಮಾಡಬೇಡಿರಿ.